ಮೊಲದ ಮುಖದ ಕಪ್ಪು

ನನಗೆ ಮೂವತ್ತಾರು ವರ್ಷ, ಮತ್ತು ನಾನು ನಿವೃತ್ತಳು. ಎರಡನ್ನೂ ಒಟ್ಟಿಗೆ ಹೇಳಿದರೆ ಜನ ನಗುತ್ತಾರೆ, ಆದ್ದರಿಂದ ಕಾರಣವನ್ನೂ ಹೇಳಿಬಿಡುತ್ತೇನೆ. ದ್ರಾವಕಗಳಿಂದ ನನ್ನ ಎರಡೂ ಕೈಗಳ ಚರ್ಮ ಒಡೆಯತೊಡಗಿತು. ಕೈಗವಸು ಬದಲಾಯಿಸಿದೆ, ಮುಲಾಮು ಬದಲಾಯಿಸಿದೆ, ನಿಲ್ಲಲಿಲ್ಲ. ಕಳೆದ ವರ್ಷ ಉದ್ಯೋಗ ವೈದ್ಯರು ಇನ್ನು ಈ ಕೆಲಸ ಬೇಡ ಎಂದು ಬರೆದುಕೊಟ್ಟರು. ಏಳು ವರ್ಷ ಮಾಡಿದ ಕೆಲಸ ಅಲ್ಲಿಗೆ ಮುಗಿಯಿತು.

ನಾನು ಯುರೋಪಿನ ಶ್ರೀಮಂತ ಮನೆತನಗಳ ಹಳೆಯ ಬೇಟೆ ಆಯುಧಗಳನ್ನು ಶುಚಿ ಮಾಡಿ ಕಾಪಾಡುವ ಕೆಲಸ ಮಾಡುತ್ತಿದ್ದೆ. ನೆದರ್‌ಲ್ಯಾಂಡ್ಸಿನ ಒಂದು ವಸ್ತುಸಂಗ್ರಹಾಲಯದ ಉಗ್ರಾಣ ನನ್ನ ಕಚೇರಿ. ಹಾರ್ಲೆಮ್‌ನ ನನ್ನ ಮನೆಯಿಂದ ಸೈಕಲ್ಲಿನಲ್ಲಿ ಇಪ್ಪತ್ತು ನಿಮಿಷ, ಗಾಳಿ ಎದುರಾದರೆ ಮೂವತ್ತು. ಈಚೆಗೆ ಗ್ರೋನಿಂಗನ್‌ನಲ್ಲಿ ಓದುತ್ತಿರುವ ಕನ್ನಡದ ಇಬ್ಬರು ವಿದ್ಯಾರ್ಥಿನಿಯರು, ಹಳೆಯ ವಸ್ತುಗಳನ್ನು ಕಾಪಾಡುವ ಕೋರ್ಸು ಸೇರಬೇಕೆಂದಿದ್ದೇವೆ, ಕೆಲಸ ನಿಜವಾಗಿ ಹೇಗಿರುತ್ತದೆ ಎಂದು ಕೇಳಿ ಬರೆದಿದ್ದರು. ಕೋರ್ಸಿನ ಪುಸ್ತಿಕೆಯಲ್ಲಿ ಇಲ್ಲದ್ದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲು ಆಯುಧಗಳ ಬಗ್ಗೆ. ಯುದ್ಧದ ಬಂದೂಕು ಸರಳವಾಗಿರುತ್ತದೆ. ಬೇಟೆಯ ಬಂದೂಕು ಹಾಗಲ್ಲ. ಅದನ್ನು ಮಾಡಿಸಿದವನಿಗೆ ಜಿಂಕೆ ಹೊಡೆಯುವುದು ಎಷ್ಟು ಮುಖ್ಯವೋ, ಹೊಡೆಯುವಾಗ ಪಕ್ಕದವನು ನೋಡುವುದೂ ಅಷ್ಟೇ ಮುಖ್ಯ. ಚಕ್ರವೊಂದು ಗಿರ್ರನೆ ತಿರುಗಿ ಕಲ್ಲಿಗೆ ಉಜ್ಜಿ ಕಿಡಿ ಹಾರಿಸುವ, ನಾನೂರು ವರ್ಷ ಹಳೆಯ ಬಂದೂಕುಗಳ ಮರದ ಹಿಡಿಯಲ್ಲಿ ಕೈ ಇಡಲು ಜಾಗವಿಲ್ಲದಷ್ಟು ಚಿತ್ರಗಳಿರುತ್ತವೆ. ಮರವನ್ನು ಕೊರೆದು, ಸಾರಂಗದ ಕೊಂಬಿನ ತೆಳು ಬಿಲ್ಲೆಗಳನ್ನು ಕೂರಿಸಿ, ಅವುಗಳ ಮೇಲೆ ಕೂದಲಿನಷ್ಟು ಸಣ್ಣ ಗೆರೆಗಳಲ್ಲಿ ನಾಯಿ, ಹಂದಿ, ಕುದುರೆ ಸವಾರರನ್ನು ಕೆತ್ತುತ್ತಿದ್ದರು. ಆಮೇಲೆ ಗೆರೆಗಳೊಳಗೆ ಮಸಿ ಬೆರೆಸಿದ ಮೇಣ ತುಂಬುತ್ತಿದ್ದರು. ಬಿಳಿ ಕೊಂಬಿನ ಮೇಲೆ ಚಿತ್ರ ಎದ್ದು ಕಾಣುವುದು ಆ ಕಪ್ಪಿನಿಂದ. ಕಪ್ಪು ಹೋದರೆ ಗೆರೆ ಇದ್ದೂ ಇಲ್ಲದಂತೆ. ಇದನ್ನು ನೆನಪಿಡಿ, ಮುಂದಿನ ಕಥೆಯೆಲ್ಲ ಇದರದೇ.

ನನಗೆ ಕೆಲಸ ಕಲಿಸಿದವರು ಯೋಪ್. ಆಯುಧ ವಿಭಾಗದಲ್ಲಿ ಮೂವತ್ತೊಂದು ವರ್ಷ ಇದ್ದವರು, ಎತ್ತರದ ಆಳು, ಮಾತು ಕಡಿಮೆ. ಈ ದೇಶದ ಪದ್ಧತಿಯಂತೆ ತಮ್ಮನ್ನು ‘ನೀನು’ ಎಂದೇ ಕರೆಯಬೇಕೆಂದು ಹೇಳಿದ್ದರು. ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ.

ಸೇರಿದ ಎರಡನೇ ತಿಂಗಳು ನಾನು ಒಂದು ಉಕ್ಕಿನ ನಳಿಗೆಯನ್ನು ಬರಿಗೈಯಿಂದ ಮುಟ್ಟಿದೆ. ಕೈಗವಸು ತೆಗೆದಿದ್ದು ಮರೆತಿತ್ತು. ಮುಟ್ಟಿದ್ದು ಒಂದು ಹೆಬ್ಬೆರಳು, ಒಂದು ಕ್ಷಣ. ಕೆಲವು ವಾರಗಳ ನಂತರ ಯೋಪ್ ನನ್ನನ್ನು ದೀಪದ ಹತ್ತಿರ ಕರೆದರು.

“ಇದು ಯಾರದ್ದು, ಹೇಳು ನೋಡೋಣ?”

ನಳಿಗೆಯ ಮೇಲೆ ಕಂದು ತುಕ್ಕಿನಲ್ಲಿ ನನ್ನ ಹೆಬ್ಬೆಟ್ಟು ಪೂರ್ತಿಯಾಗಿ ಮೂಡಿತ್ತು. ಸುರುಳಿ ಸುರುಳಿಯಾಗಿ, ಯಾವುದೋ ಪತ್ರಕ್ಕೆ ಒತ್ತಿದ ಹಾಗೆ. ನನ್ನ ಬೆವರಿನ ಉಪ್ಪು ಮತ್ತು ಈ ದೇಶದ ತೇವ ಸೇರಿ ಆ ಕೆಲಸ ಮಾಡಿದ್ದವು.

“ನನ್ನದು,” ಎಂದೆ.

“ಗೊತ್ತು. ನನ್ನ ಬೆರಳು ಇಷ್ಟು ಚಿಕ್ಕದಲ್ಲ.” ಎಣ್ಣೆ ಮತ್ತು ಮರದ ಕಡ್ಡಿ ಕೊಟ್ಟು ತೆಗೆಸಿದರು. ಮೂರು ದಿನ ಹಿಡಿಯಿತು. ಮುಗಿದ ಮೇಲೆ ನಾನು ವರದಿಯ ಪುಸ್ತಕ ತೆಗೆದಾಗ ಮಾತ್ರ ತಡೆದರು. “ಇಂಥದ್ದನ್ನೆಲ್ಲ ಬರೆಯುವುದಿಲ್ಲ. ಸರಿ ಮಾಡಿದ್ದಾಯಿತಲ್ಲ.” ಅಂದು ಅದು ದಯೆ ಎಂದುಕೊಂಡೆ. ದಯೆಯೇ ಆಗಿತ್ತು ಕೂಡ.

ಅವರಿಂದ ಕಲಿತದ್ದರಲ್ಲಿ ಅತಿ ಕಷ್ಟವಾದದ್ದು ಉಗುಳು. ಪ್ರಪಂಚದ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿ ಚಿತ್ರ, ಕೊಂಬು, ಚಿನ್ನದ ಲೇಪದ ಮೇಲಿನ ಕೊಳೆಯನ್ನು ಹೆಚ್ಚಾಗಿ ತೆಗೆಯುವುದು ಎಂಜಲಿನಿಂದ. ಇದು ಗುಟ್ಟಲ್ಲ, ಆದರೆ ಯಾರೂ ಹೇಳಿಕೊಳ್ಳುವುದಿಲ್ಲ. ಬೆಚ್ಚಗಿರುತ್ತದೆ, ಜಿಡ್ಡನ್ನು ಒಡೆಯುವ ಗುಣವಿರುತ್ತದೆ, ಹರಿದು ಹೋಗುವುದಿಲ್ಲ. ಬಿದಿರು ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಇಟ್ಟು, ಬಿಲ್ಲೆಯ ಮೇಲೆ ಉರುಳಿಸಬೇಕು. ಉಜ್ಜಬಾರದು. ಒಮ್ಮೆ ಉರುಳಿಸಿದ ಹತ್ತಿ ಮತ್ತೆ ಬಾಯಿಗೆ ಹೋಗಬಾರದು. ಕಾಫಿ ಕುಡಿದು ಅರ್ಧ ಗಂಟೆಯವರೆಗೆ ಉಗುಳಿಗೆ ರಜೆ. ಇದು ಯೋಪ್ ಅವರ ನಿಯಮ.

ಎಂಜಲು ಎಂದರೆ ಏನೆಂದು ನಿಮಗೆ ವಿವರಿಸಬೇಕಿಲ್ಲ. ಗದಗಿನ ನಮ್ಮ ಮನೆಯಲ್ಲಿ ಲೋಟವನ್ನು ತುಟಿಗೆ ತಾಗಿಸಿ ಕುಡಿದರೆ ಅವ್ವ ನೋಡುತ್ತಿದ್ದ ನೋಟ ನನಗೆ ಗೊತ್ತು. ಮೊದಲ ವಾರ ಸುಮ್ಮನೆ ಬಾಯಿಗಿಟ್ಟಂತೆ ಮಾಡಿ ನೀರಿನಲ್ಲಿ ಅದ್ದಿದೆ. ಯೋಪ್ ಕಂಡುಹಿಡಿದರು. ಆಮೇಲೆ ಕಲಿತೆ. ಕಲಿತದ್ದನ್ನು ಫೋನಿನಲ್ಲಿ ಅವ್ವನಿಗೆ ಹೇಳಿದ್ದು ನನ್ನ ತಪ್ಪು.

“ಏನಂದಿ? ಎಂಜಲಾ?”

“ಹೂಂ ಅವ್ವ. ಹತ್ತಿಗೆ ಸ್ವಲ್ಪ.”

“ಅಷ್ಟ ದೊಡ್ಡ ದೇಶದಾಗ ಒಂದ ಬಾಟ್ಲಿ ಔಷಧ ಸಿಗೂದಿಲ್ಲೇನ? ನಿನಗ ಎಂ.ಎಸ್ಸಿ. ಓದಿಸಿದ್ದು ರಾಜರ ಬಂದೂಕಿಗೆ ಉಗುಳಾಕೇನ?”

“ಔಷಧಕ್ಕಿಂತ ಇದು ಚೊಲೊ ಅವ್ವ.”

“ಚೊಲೊ ಆತು. ಮಂದಿ ಮುಂದ ಹೇಳಬ್ಯಾಡ. ನಿನ್ನ ಮದಿವಿ ಆಗೂದೈತಿ.”

ಆ ಕಾಲದಲ್ಲಿ ನನ್ನ ಮೇಜಿಗೆ ಬಂದದ್ದು ಈ ಕಥೆಯ ಬಂದೂಕು. ಕೊಂಬಿನ ಬಿಲ್ಲೆಗಳು ನೂರಕ್ಕೂ ಹೆಚ್ಚು. ಬೇರೆ ಊರಿನ ಒಂದು ಕೋಟೆಯಲ್ಲಿ ನಡೆಯಲಿದ್ದ ಬೇಟೆಯ ಪ್ರದರ್ಶನಕ್ಕೆ ಅದನ್ನು ಎರವಲು ಕೇಳಿದ್ದರು. ಹಿಡಿಯ ಬದಿಯಲ್ಲಿ ಒಂದು ಸಣ್ಣ ಪೆಟ್ಟಿಗೆ, ಅದಕ್ಕೆ ಜಾರುವ ಮುಚ್ಚಳ. ಉಳಿದೆಲ್ಲ ಬಿಲ್ಲೆಗಳಲ್ಲಿ ಮನುಷ್ಯರು ಪ್ರಾಣಿಗಳನ್ನು ಬೇಟೆಯಾಡುತ್ತಿದ್ದರೆ, ಮುಚ್ಚಳದ ಮೇಲೆ ಮೊಲಗಳು ಬೇಟೆಗಾರನನ್ನು ಹಿಡಿದು, ಕೈಕಾಲು ಕಟ್ಟಿ, ಗಳಕ್ಕೆ ತೂಗುಹಾಕಿ ಹೊತ್ತೊಯ್ಯುತ್ತಿದ್ದವು. ಆ ಕೆತ್ತನೆಗಾರನಿಗೆ ತನ್ನ ಯಜಮಾನನ ಮೇಲೆ ಎಷ್ಟು ಗೌರವವಿತ್ತೋ ಗೊತ್ತಿಲ್ಲ. ಮುಂದೆ ನಡೆಯುವ ಮೊಲದ ಮುಖ ನನ್ನ ಕಿರುಬೆರಳಿನ ಉಗುರಿನಷ್ಟಿತ್ತು.

“ಮುಚ್ಚಳ ನಾನು ಮಾಡುತ್ತೇನೆ. ಉಳಿದದ್ದು ನಿನ್ನದು,” ಎಂದಿದ್ದರು ಯೋಪ್. ಒಳ್ಳೆಯದನ್ನು ಹಿರಿಯರು ತಾವೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ.

ನಾನು ಉಳಿದದ್ದನ್ನು ಬಹುಪಾಲು ಮುಗಿಸುವ ಹೊತ್ತಿಗೆ ಕೊರೊನಾ ಬಂತು. ಸಂಗ್ರಹಾಲಯ ಮುಚ್ಚಿತು. ವಯಸ್ಸಾದ, ಶ್ವಾಸಕೋಶ ಗಟ್ಟಿಯಿಲ್ಲದ ಯೋಪ್ ಮನೆಯಲ್ಲೇ ಇರಬೇಕಾಯಿತು. ಉಗ್ರಾಣದಲ್ಲಿ ಒಂದು ಕೋಣೆಗೆ ಒಬ್ಬರು, ಮೂಗಿಗೆ ಮಾಸ್ಕು. ಸಂಗ್ರಹ ವಿಭಾಗದ ಮುಖ್ಯಸ್ಥೆ ಮರೈಕೆ ಕಳಿಸಿದ ಸುತ್ತೋಲೆಯ ಎರಡನೇ ಸಾಲಿನಲ್ಲೇ ಇತ್ತು: ಉಗುಳಿನಿಂದ ಶುಚಿ ಮಾಡುವುದನ್ನು ಈ ಕ್ಷಣದಿಂದ ನಿಷೇಧಿಸಲಾಗಿದೆ. ಅವ್ವನಿಗೆ ಹೇಳಿದಾಗ, “ಕಡೀಕೂ ಒಬ್ಬರಿಗಿ ಬುದ್ಧಿ ಬಂತು,” ಎಂದಳು.

ಉಗುಳಿಗೆ ಬದಲಿ ಬೇಕಾಯಿತು. ನನ್ನ ಓದು ರಸಾಯನಶಾಸ್ತ್ರ. ಶುದ್ಧ ನೀರು, ನಿಂಬೆಯ ಹುಳಿಯಿಂದ ಮಾಡಿದ ಒಂದು ಲವಣ, ಸ್ವಲ್ಪ ಗಟ್ಟಿ ಮಾಡಲು ಇನ್ನೊಂದು, ದೇಹದ ಶಾಖ. ಎರಡು ವಾರ ಪ್ರಮಾಣ ಬದಲಿಸಿ ಬದಲಿಸಿ ಒಂದು ಮಿಶ್ರಣ ಮಾಡಿದೆ. ಹಂದಿಯ ಬಿಲ್ಲೆಯ ಒಂದು ಮೂಲೆಯಲ್ಲಿ ಪರೀಕ್ಷಿಸಿದೆ. ಕೊಳೆ ಬಂತು, ಗೆರೆಯ ಕಪ್ಪು ಅಲುಗಲಿಲ್ಲ. ಸುಳ್ಳು ವಿನಯ ಬೇಡ: ಅದು ಒಳ್ಳೆಯ ಮಿಶ್ರಣ. ಬೇರೆ ಎರಡು ಸಂಗ್ರಹಾಲಯಗಳವರು ಮಾಡುವ ಕ್ರಮ ಕೇಳಿ ಬರೆಸಿಕೊಂಡರು.

ಕೋಟೆಯವರು ಹೊಸ ದಿನಾಂಕ ಕೊಟ್ಟರು. ಮರೈಕೆ ಬಂದೂಕು ಮುಗಿಸಲು ಹೇಳಿದರು. ಉಳಿದಿದ್ದು ಮುಚ್ಚಳ ಮಾತ್ರ. ಯೋಪ್ ಅವರಿಗೆ ಫೋನ್ ಮಾಡಿ ಕೇಳಬಹುದಿತ್ತು. ಕೇಳಲಿಲ್ಲ. ಹುಷಾರಿಲ್ಲದವರಿಗೆ ತೊಂದರೆ ಬೇಡ ಎಂದಲ್ಲ. ನನಗೆ ಆ ಮುಚ್ಚಳ ಬೇಕಿತ್ತು.

ಪ್ರತಿ ಬಿಲ್ಲೆಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು ಎಂಬುದು ಮೊದಲ ವರ್ಷದ ಪಾಠ. ಒಂದೇ ಬಂದೂಕು, ಒಂದೇ ಕೊಂಬು, ಒಂದೇ ಕೈಯ ಕೆಲಸ ಎಂದು ನಾನು ನೇರವಾಗಿ ಮೊಲದ ಮುಖದಿಂದ ಶುರು ಮಾಡಿದೆ. ಹತ್ತಿ ಕಪ್ಪಾಯಿತು. ನಮ್ಮ ಕೆಲಸದಲ್ಲಿ ಹತ್ತಿ ಕಪ್ಪಾದರೆ ಖುಷಿ. ಶತಮಾನಗಳ ಮೇಣದಬತ್ತಿಯ ಹೊಗೆ ಬರುತ್ತಿದೆ ಎಂದು ಇನ್ನೊಂದು ಹತ್ತಿ ತೆಗೆದುಕೊಂಡೆ. ಅದೂ ಕಪ್ಪಾಯಿತು. ಮೂರನೆಯದು ಕಪ್ಪಾದಾಗ ಭೂತಗನ್ನಡಿ ಎಳೆದು ನೋಡಿದೆ. ಮೊಲದ ದೇಹವಿತ್ತು, ಕಿವಿಯಿತ್ತು. ಮುಖವಿದ್ದ ಕಡೆ ಬರೀ ಬಿಳಿ ಕೊಂಬು.

ಬೇರೆ ವೃತ್ತಿಯವರು ತಪ್ಪಾದಾಗ ಗಾಬರಿಯಾಗುತ್ತಾರೆ. ನಾವು ತಪ್ಪು ಮಾಡುತ್ತಿರುವಾಗ ಸಂತೋಷಪಡುತ್ತಿರುತ್ತೇವೆ. ಈ ಕೆಲಸಕ್ಕೆ ಬರುವವರು ಇದೊಂದನ್ನು ತಿಳಿದಿರಬೇಕು.

ನನ್ನ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದರಲ್ಲಿತ್ತು. ಮುಂದುವರಿಸುವುದು ಮರೈಕೆಯ ಕೈಯಲ್ಲಿ. ಗುತ್ತಿಗೆ ಇಲ್ಲದಿದ್ದರೆ ಈ ದೇಶದಲ್ಲಿರುವ ಪರವಾನಗಿಯೂ ಇಲ್ಲ, ಮತ್ತು ಬೇಟೆ ಬಂದೂಕಿನ ಕೊಂಬು ಒರೆಸುವವರನ್ನು ಕರೆಯುವ ಕೆಲಸಗಳು ಎಲ್ಲೂ ಸಾಲುಗಟ್ಟಿ ನಿಂತಿರುವುದಿಲ್ಲ. ಆ ಸಂಜೆ ಮನೆಯಲ್ಲಿ, ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಸಂಶೋಧಕಿ ರೂಪಾಗೆ ಹೇಳಿದೆ. ಸಾಮಾನ್ಯವಾಗಿ ನಾನು ಹೇಳುವವಳಲ್ಲ.

“ಯಾರಾದ್ರೂ ನೋಡಿದ್ರಾ?” ಎಂದು ಕೇಳಿದಳು.

“ಇಲ್ಲ.”

“ನಿನ್ ಕೈಲಿ ಫಿಕ್ಸ್ ಮಾಡಕ್ಕಾಗುತ್ತಾ?”

“ಅರ್ಧ ಗಂಟೆ ಸಾಕು.”

“ಮತ್ತೇನೇ ನಿನ್ ಪ್ರಾಬ್ಲಮ್ಮು? ಅದು ಮೊಲ ಕಣೇ! ಅದರ ಮುಖಕ್ಕೋಸ್ಕರ ನೀನು ಪರ್ಮಿಟ್ ಕಳ್ಕೊಂಡು ಫ್ಲೈಟೂ ಇಲ್ದೆ ಇಲ್ಲೇ ಏರ್‌ಪೋರ್ಟಲ್ಲಿ ಕೂತ್ಕೋತೀಯಾ? ಸುಮ್ನೆ ಬಳದು ಬಾ ಹೋಗು.”

ಮರುದಿನ ಬೆಳಿಗ್ಗೆ ನಾನು ಬಳಿಯಲೆಂದೇ ಹೋದೆ. ಗಾಜಿನ ಬಟ್ಟಲಿನಲ್ಲಿ ಮಸಿ ಮತ್ತು ಮೇಣ ಬೆಚ್ಚಗೆ ಮಾಡಿದೆ. ಮೂರೇ ಕೂದಲಿನ ಕುಂಚ. ಗೆರೆಗಳು ಕೊರೆದ ಹಾಗೇ ಇದ್ದವು, ತುಂಬಿದರೆ ಆಯಿತು. ನಾನು ಎಷ್ಟು ಚೆನ್ನಾಗಿ ತುಂಬಬಲ್ಲೆ ಎಂದರೆ ಯೋಪ್ ಕೂಡ ಗುರುತಿಸಲಾರರು. ತೊಂದರೆ ಅದೇ ಆಗಿತ್ತು. ನನ್ನ ನಂತರ ಈ ಕುರ್ಚಿಯಲ್ಲಿ ಕೂರುವವರು ಆ ಕಪ್ಪನ್ನು ನೋಡಿ ಕೆತ್ತನೆಗಾರನದೇ ಎಂದು ನಂಬುತ್ತಾರೆ. ನಂಬಿ ಅದರ ಮೇಲೆ ಏನು ಮಾಡುತ್ತಾರೋ ನನಗೆ ತಿಳಿಯದು. ಕೆಟ್ಟ ಕೈಯಾಗಿದ್ದರೆ ಅವರು ಎಚ್ಚರವಾಗುತ್ತಿದ್ದರು.

ಕುಂಚವನ್ನು ಅದ್ದಿಯೂ ಅದ್ದಿದ್ದೆ. ತೊಳೆದಿಟ್ಟೆ. ಮೂರು ಹತ್ತಿಗಳನ್ನು ಒಣಗಿಸಿ, ಪೊಟ್ಟಣದಲ್ಲಿ ಹಾಕಿ ಸಂಖ್ಯೆ ಬರೆದೆ. ಓರೆ ಬೆಳಕಿನಲ್ಲಿ ಫೋಟೋ ತೆಗೆದೆ. ವರದಿಯಲ್ಲಿ ಹೀಗೆ ಬರೆದೆ: ‘ಈ ಬಿಲ್ಲೆಯನ್ನು ಪರೀಕ್ಷಿಸದೆ ಹೊಸ ಮಿಶ್ರಣ ಬಳಸಿದ್ದರಿಂದ ಮುಂದೆ ನಡೆಯುವ ಮೊಲದ ಮುಖದ ಕಪ್ಪು ಪೂರ್ತಿ ಹೋಗಿದೆ. ಮಾಡಿದವಳು ನಾನು.’ ಕೊನೆಯ ಎರಡು ಪದ ಬೇಕಿರಲಿಲ್ಲ, ಹಾಳೆಯ ಕೆಳಗೆ ಹೇಗೂ ನನ್ನ ಹೆಸರಿತ್ತು. ಆದರೂ ಬರೆದು, ಮರೈಕೆಗೂ ಯೋಪ್‌ಗೂ ಕಳಿಸಿದೆ.

ವಿಡಿಯೋ ಸಭೆ ಹದಿನೈದು ನಿಮಿಷ ನಡೆಯಿತು. ಮರೈಕೆ ಕೂಗಲಿಲ್ಲ. ಈ ದೇಶದಲ್ಲಿ ಕೂಗುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ; ಅದು ಕೂಗಿಗಿಂತ ಹೆಚ್ಚು ಹೊತ್ತು ಕೇಳಿಸುತ್ತದೆ. “ಎರವಲು ಸದ್ಯಕ್ಕೆ ನಿಲ್ಲಿಸುತ್ತೇನೆ. ನಿನ್ನ ಮಿಶ್ರಣವನ್ನು ಯಾರೂ ಬಳಸಬಾರದು. ತೆಗೆದುಕೊಂಡವರಿಗೆ ನೀನೇ ಬರೆದು ತಿಳಿಸು. ಗುತ್ತಿಗೆಯ ಮಾತು ಮುಂದಿನ ವಾರ.” ಯೋಪ್ ಅವರ ಚೌಕದಲ್ಲಿ ಕ್ಯಾಮೆರಾ ಆಫ್ ಆಗಿತ್ತು. ಒಂದು ಮಾತೂ ಆಡಲಿಲ್ಲ. ಅದರಿಂದ ನನಗೆ ಹೆಚ್ಚು ನೋವಾಯಿತು.

ಎರಡು ದಿನ ಬಿಟ್ಟು ಅವರ ಫೋನ್ ಬಂತು.

“ಆ ಹತ್ತಿಗಳು ಇವೆಯಾ?”

“ಇವೆ.”

“ಒಂದನ್ನು ತಟ್ಟೆಯಲ್ಲಿಡು. ತಣ್ಣೀರು, ಬರೀ ತಣ್ಣೀರು, ಒಂದು ಹನಿ ಹಾಕು. ಫೋನ್ ಇಡಬೇಡ.”

ಹಾಕಿದೆ. ಒಣಗಿದ ಕಪ್ಪು ಒಂದು ಕ್ಷಣದಲ್ಲಿ ಕರಗಿ ತಟ್ಟೆಗೆ ಹರಡಿತು. ಮೇಣದಲ್ಲಿ ಕೂಡಿಸಿದ ಮಸಿ ತಣ್ಣೀರಿಗೆ ಕರಗುವುದಿಲ್ಲ. ಇದು ಅಂಟಿನಲ್ಲಿ ಕಲಸಿದ ಮಸಿ. ಶಾಲೆಯ ಮಕ್ಕಳ ಬಣ್ಣದಂಥದ್ದು.

“ಕರಗಿತು,” ಎಂದೆ.

“ಹೌದು,” ಎಂದರು. “ಅದು ನನ್ನದು.”

ಮಾರನೆಯ ದಿನ ಯೋಪ್ ಉಗ್ರಾಣಕ್ಕೆ ಬಂದರು. ಒಳಗೆ ಬಿಡುವಂತಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಕೋಟಿನ ಗುಂಡಿ ಹಾಕಿ, ಕಿಟಕಿಯಾಚೆ ಕೂತರು. ನಾನು ಕಿಟಕಿ ತೆರೆದು ಒಳಗೆ ಕೂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಆಗಿನ ಒಂದು ಬಲವಾದ ದ್ರಾವಕದಿಂದ ಅದೇ ಮೊಲದ ಮುಖದ ಕಪ್ಪನ್ನು ತಾವೇ ತೆಗೆದುಬಿಟ್ಟಿದ್ದನ್ನು ಹೇಳಿದರು. ಊಟದ ಬಿಡುವಿನಲ್ಲಿ, ಕೈಗೆ ಸಿಕ್ಕ ಅಂಟು ಮಸಿಯನ್ನು ಅವಸರದಲ್ಲಿ, ಬಾಯಿಯ ಸಣ್ಣ ಗೆರೆಗಳೂ ಮುಚ್ಚಿಹೋಗುವಷ್ಟು ದಪ್ಪಗೆ ತುಂಬಿದ್ದರು. ಯಾರಿಗೂ ಹೇಳಲಿಲ್ಲ. ಎಲ್ಲಿಯೂ ಬರೆಯಲಿಲ್ಲ. ಮುಚ್ಚಳವನ್ನು ತಾವೇ ಮಾಡುವುದಾಗಿ ಹೇಳಿ ಇಟ್ಟುಕೊಂಡದ್ದು ಅದಕ್ಕೇ.

“ನಿನ್ನ ಮಿಶ್ರಣ ಸರಿಯಾಗಿದೆ,” ಎಂದರು. “ಪರೀಕ್ಷಿಸದ್ದು ನಿನ್ನ ತಪ್ಪು. ಉಳಿದದ್ದು ನನ್ನದು. ಮರೈಕೆಗೆ ಬೆಳಿಗ್ಗೆಯೇ ಹೇಳಿದೆ.”

“ಚಳಿಯಿದೆ, ನೀವು ಹೊರಡಿ,” ಎಂದೆ.

“ಪೆನ್ನು ತಗೋ. ಇನ್ನೂ ಇವೆ.”

“ಏನು?”

“ಬರೆಯದೆ ಬಿಟ್ಟವು. ಹಾಳೆ ಹೆಚ್ಚು ತಗೋ.”

ನಾಲ್ಕು ಮಧ್ಯಾಹ್ನಗಳು ಅವರು ಹೇಳಿದರು, ನಾನು ಬರೆದೆ. ಹಂದಿ ಈಟಿಯ ಕುಚ್ಚಿನಲ್ಲಿ ಮೂರು ಎಳೆ ಅವರ ಹೆಂಡತಿಯ ಹೊಲಿಗೆ ಪೆಟ್ಟಿಗೆಯದು. ಒಂದು ಅಡ್ಡಬಿಲ್ಲಿನ ದಂತದ ಗುಂಡಿಯನ್ನು ಕೈತಪ್ಪಿ ಒಡೆದು, ಅಂಟಿಸಿಟ್ಟಿದ್ದರು. ಒಂದು ಬಂದೂಕಿನ ನಳಿಗೆಯ ತಳದಲ್ಲಿ ಅವರು ತುರುಕಿ ಮರೆತ ಉಣ್ಣೆಯ ಉಂಡೆ ಇತ್ತು. ಅದರಿಂದಾಗಿ, ಒಳಗೆ ಮದ್ದು ತುಂಬಿದೆ ಎಂಬ ಎಚ್ಚರಿಕೆ ಚೀಟಿ ಎಷ್ಟೋ ವರ್ಷಗಳಿಂದ ಅದಕ್ಕೆ ನೇತಾಡುತ್ತಿತ್ತು, ಯಾರೂ ಹತ್ತಿರ ಹೋಗುತ್ತಿರಲಿಲ್ಲ. ಅದನ್ನು ಹೇಳುವಾಗ ಯೋಪ್ ನಕ್ಕರು. ಉಳಿದವನ್ನು ಹೇಳುವಾಗ ನಗಲಿಲ್ಲ. ಪ್ರತಿಯೊಂದರ ಕೊನೆಗೂ, “ನಿನ್ನ ಹಾಗೇ ಬರೆ,” ಎನ್ನುತ್ತಿದ್ದರು. ನಾನು ‘ಮಾಡಿದವರು ಯೋಪ್’ ಎಂದು ಬರೆಯುತ್ತಿದ್ದೆ.

ಗುತ್ತಿಗೆ ಮುಂದುವರಿಯಿತು. ಮಿಶ್ರಣದ ಮೇಲಿನ ನಿಷೇಧ ಹೋಯಿತು. ಆಮೇಲೆ ಮರೈಕೆ ವರದಿಯ ನಮೂನೆಯಲ್ಲಿ ಒಂದು ಅಂಕಣ ಸೇರಿಸಿದರು: ನಮ್ಮಿಂದ ಆದದ್ದು. ಈಗ ಹೊಸಬರು ಅದು ಮೊದಲಿನಿಂದಲೂ ಇತ್ತು ಎಂದುಕೊಂಡಿದ್ದಾರೆ. ಇರಲಿ. ಏಳು ವರ್ಷದಲ್ಲಿ ನಾನು ಶುಚಿ ಮಾಡಿದ ಆಯುಧಗಳನ್ನು ಲೆಕ್ಕವಿಟ್ಟಿಲ್ಲ, ಆದರೆ ಆ ಅಂಕಣದ ಬಗ್ಗೆ ನನಗೆ ಹೆಮ್ಮೆಯಿದೆ.

ಮೊಲದ ಮುಖ ಏನು ಮಾಡುವುದು ಎಂಬ ಪ್ರಶ್ನೆ ಉಳಿದಿತ್ತು. ಕೋಟೆಯವರು ತುಂಬಿಸಿ ಕೊಡಿ ಎಂದರು. ಮರೈಕೆಗೂ ಹಾಗೇ ಅನ್ನಿಸಿತ್ತು. ಮೇಣದ ಮಸಿಯಲ್ಲಿ ತುಂಬಿ, ವರದಿಯಲ್ಲಿ ಬರೆದರೆ ಸುಳ್ಳೇನಾಗುತ್ತದೆ ಎಂದರು. ಅದೂ ಸರಿಯೇ. ನಾನು ಬೇಡ ಎಂದೆ. ಮೂಲದ ಕಪ್ಪು ಹೇಗಿತ್ತೆಂದು ಈಗ ಬದುಕಿರುವ ಯಾರಿಗೂ ಗೊತ್ತಿಲ್ಲ, ನೋಡಿದವರು ಯೋಪ್ ಒಬ್ಬರೇ, ಅವರಿಗೂ ನೆನಪಿಲ್ಲ. ಗೊತ್ತಿಲ್ಲದ್ದನ್ನು ಚೆನ್ನಾಗಿ ಬಳಿಯುವುದು ಬೇಡ. ನನ್ನ ಮಾತು ನಡೆಯಿತು.

ಮುಂದಿನ ವರ್ಷ ಪ್ರದರ್ಶನ ತೆರೆಯಿತು. ಒಳಗೆ ಹೋಗಲು ಗಂಟೆಗೆ ಇಷ್ಟೇ ಜನ, ಎಲ್ಲರಿಗೂ ಮಾಸ್ಕು, ನೆಲದ ಮೇಲೆ ಬಾಣದ ಗುರುತು. ಅಷ್ಟರಲ್ಲಿ ನಿವೃತ್ತರಾಗಿದ್ದ ಯೋಪ್ ಎಲ್ಲರಂತೆ ಸಮಯ ಕಾದಿರಿಸಿ ಬಂದರು. ತಪ್ಪು ಹೊರಬಿದ್ದ ಮೇಲೆ ಅವರು ಆ ಮುಚ್ಚಳವನ್ನು ಕಣ್ಣಾರೆ ನೋಡಿರಲಿಲ್ಲ. ಗಾಜಿನ ಮುಂದೆ ನಿಂತರು. ನೇರ ನೋಡಿದರೆ ಮುಖವಿಲ್ಲದ ಮೊಲ. ಬೆಳಕು ಓರೆಯಾಗಿ ಬೀಳುವಂತೆ ದೀಪ ಇಡಿಸಿದ್ದೆ. ಎಡಕ್ಕೆ ಬಾಗಿ ನೋಡಿ ಎಂದೆ. ಮಂಡಿ ಮಡಿಸಿ ಬಾಗಿದರು, ಮಂಡಿ ಲಟಕ್ಕೆಂದಿತು. ಹಿಂದಿನಿಂದ ಯಾರೋ ಮುಂದೆ ಹೋಗಿ ಎಂದು ಬಾಣದ ಗುರುತು ತೋರಿಸಿದರು. ಅವರು ಅಲುಗಲಿಲ್ಲ.

“ಬಾಯಿಯ ಹತ್ತಿರ ಎರಡು ಗೆರೆ ಇವೆಯಲ್ಲ,” ಎಂದರು.

“ವರದಿಯಲ್ಲಿ ಬರೆದಿದ್ದೇನೆ. ಎರಡು ಸಣ್ಣ ಲಂಬ ಗೆರೆಗಳು.”

“ಲಂಬ ಗೆರೆಯಲ್ಲ, ಹುಡುಗಿ. ಹಲ್ಲು.”

ನಾನೂ ಬಾಗಿದೆ. ನೂರು ಸಲ ಭೂತಗನ್ನಡಿಯಲ್ಲಿ ಅಳೆದ ಗೆರೆಗಳು. ಅಳೆದಿದ್ದೆ, ನೋಡಿರಲಿಲ್ಲ. ಬೇಟೆಗಾರನನ್ನು ಹೊತ್ತು ನಡೆಯುತ್ತಿದ್ದ ಆ ಮೊಲ ಹಲ್ಲು ಬಿಟ್ಟು ನಗುತ್ತಿತ್ತು.

ಯೋಪ್ ಗಾಜಿನಿಂದ ಕಣ್ಣು ತೆಗೆಯದೆ ಹೇಳಿದರು, “ಮೂವತ್ತು ವರ್ಷ ಇದರ ಬಾಯಿ ಮುಚ್ಚಿಟ್ಟಿದ್ದೆ.”